ಸುರಗಿ ದ್ವೀಪದ ಹೊಗೆ

ಸುರಗಿ ಎಂಬುದೊಂದು ದ್ವೀಪ ರಾಜ್ಯ. ರಾಜ್ಯ ಎಂದ ತಕ್ಷಣ ಕೋಟೆ, ಆನೆ, ಕುದುರೆ ಎಂದೆಲ್ಲ ಕಣ್ಣರಳಿಸಬೇಡಿ ಮಕ್ಕಳೇ. ಒಂದು ತುದಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ತುದಿಯಿಂದ 'ಚಿರಂಜೀವಿ' ಎಂದು ಕೇಳಿಸುವಷ್ಟು ಚಿಕ್ಕ ರಾಜ್ಯ ಅದು. ಸುತ್ತ ಕಡಲು, ನಡುವೆ ತೆಂಗು, ತೆಂಗಿನ ಕೆಳಗೆ ಒಂದಷ್ಟು ಮಣ್ಣಿನ ಮನೆಗಳು. ಅಲ್ಲಿ ರಾಜ ಎಂದು ಯಾರೂ ಇರಲಿಲ್ಲ. ಶೀನ ಗುರಿಕಾರ ಎಂಬ ಊರ ಯಜಮಾನನಿದ್ದ. ರಾಜ, ಮಂತ್ರಿ, ನ್ಯಾಯಾಧೀಶ ಎಲ್ಲ ಅವನೇ.

ಅಲ್ಲಿಯದು ಉಪ್ಪು ಮಣ್ಣು. ಭತ್ತ ಬೆಳೆಯುವುದಿಲ್ಲ. ಹಾಗಾಗಿ ಅಲ್ಲಿನ ಜನ ತೆಂಗಿನಕಾಯಿಯ ಸಿಪ್ಪೆಯನ್ನು ಹಿನ್ನೀರಿನ ಹೊಂಡಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆಚೆ ದಡದಿಂದ ಮಂಜಿ ಬರುತ್ತಿತ್ತು. ಮಂಜಿ ಎಂದರೆ ದೊಡ್ಡ ಹಾಯಿ ಕಟ್ಟಿದ ಸರಕಿನ ಹಡಗು. ಅದು ಅಕ್ಕಿ ಇಳಿಸಿ ಹಗ್ಗ ಒಯ್ಯುತ್ತಿತ್ತು. ಹಗ್ಗವಿದ್ದರೆ ಅಕ್ಕಿ, ಹಗ್ಗವಿಲ್ಲದಿದ್ದರೆ ಉಪವಾಸ. ಮಳೆಗಾಲ ಶುರುವಾದ ಮೇಲೆ ಕಡಲಿಗೆ ಯಾರೂ ಇಳಿಯುವಂತಿರಲಿಲ್ಲ. ಅದಕ್ಕೆ ಮೊದಲು ಕೊನೆಯ ಮಂಜಿ ತಂದ ಅಕ್ಕಿಯಲ್ಲೇ ಮಳೆಗಾಲ ದಾಟಬೇಕು.

ಆ ದ್ವೀಪದಲ್ಲಿ ಹಿರಿಯರು ಮಾಡಿಟ್ಟ ಒಂದು ಪದ್ಧತಿಯಿತ್ತು. ಅದಕ್ಕೆ 'ಹೊಗೆ ನೋಡುವುದು' ಎಂದು ಹೆಸರು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಗುರಿಕಾರ ಊರ ನಡುವಿನ ಬಂಡೆ ಹತ್ತಿ ನಿಲ್ಲಬೇಕು. ಎಲ್ಲ ಮನೆಗಳ ಮಾಡಿನಿಂದ, ಎಂದರೆ ಚಾವಣಿಯಿಂದ, ಹೊಗೆ ಏಳುತ್ತಿದೆಯೇ ಎಂದು ನೋಡಬೇಕು. ಯಾವ ಮನೆಯಲ್ಲಿ ಹೊಗೆಯಿಲ್ಲವೋ ಆ ಮನೆಯಲ್ಲಿ ಅಡುಗೆಯಿಲ್ಲ ಎಂದು ತಿಳಿದು, ಊರ ಕಣಜದಿಂದ ಅಕ್ಕಿ ಅಳೆದು ಅವರ ಜಗಲಿಯ ಮೇಲಿಟ್ಟು ಬರಬೇಕು. ಏನು, ಎತ್ತ ಎಂದು ಕೇಳುವ ಹಾಗಿಲ್ಲ. ಹಸಿದವರ ಬಾಯಿಂದ 'ನಮಗೆ ಹಸಿವು' ಎಂದು ಹೇಳಿಸಬಾರದು ಎನ್ನುವುದು ಹಿರಿಯರ ಆಲೋಚನೆ. ಒಳ್ಳೆಯ ಆಲೋಚನೆಯೇ. ಆದರೆ ಭಯ ಹೊಕ್ಕ ಊರಿನಲ್ಲಿ ಒಳ್ಳೆಯ ಪದ್ಧತಿಯೂ ಕುತ್ತಿಗೆಗೆ ಬರುತ್ತದೆ. ಅದನ್ನು ಹಿರಿಯರು ಯೋಚಿಸಿರಲಿಲ್ಲ.

ಒಂದು ವರ್ಷ ದೊಡ್ಡ ಬಿರುಗಾಳಿ ಬೀಸಿತು. ತೆಂಗಿನ ಮರಗಳ ತಲೆ ಮುರಿಯಿತು. ಎಳೆಗಾಯಿಗಳೆಲ್ಲ ಉದುರಿ ಕಡಲು ಸೇರಿದವು. ದಡದಲ್ಲಿ ಎಳೆದಿಟ್ಟ ದೋಣಿಗಳು ಬಂಡೆಗೆ ಬಡಿದು ಚೂರಾದವು. ಇನ್ನು ಹೊಸ ಕಾಯಿಯಿಲ್ಲ, ಮೀನಿಲ್ಲ. ಉಳಿದದ್ದು ಹೊಂಡದಲ್ಲಿ ಮೊದಲೇ ಕೊಳೆಹಾಕಿದ್ದ ಸಿಪ್ಪೆ ಮಾತ್ರ. ಅದನ್ನು ಹೊಸೆದು ಕೊನೆಯ ಮಂಜಿಗೆ ಕೊಟ್ಟರೆ ಮಳೆಗಾಲಕ್ಕೆ ಅಕ್ಕಿ. ಇಷ್ಟು ತಿಳಿಯದವರು ಆ ಊರಲ್ಲಿ ಯಾರೂ ಇರಲಿಲ್ಲ.

ಬಿರುಗಾಳಿ ನಿಂತ ಮೇಲೆ ಒಂದು ಸಂಜೆ ಮಾಸ್ತಿ ಎಂಬವನ ಮನೆಯಿಂದ ಹೊಗೆ ಏಳಲಿಲ್ಲ. ಬೆಳಗ್ಗೆ ನೋಡಿದರೆ ಬಾಗಿಲಿಗೆ ಹಗ್ಗ ಬಿಗಿದಿತ್ತು. ಗಂಡನಿಲ್ಲ, ಹೆಂಡತಿಯಿಲ್ಲ, ಮಗುವಿಲ್ಲ. ನಸುಕಿನಲ್ಲಿ ಹೊರಟ ಮಂಜಿಯೂ ಇಲ್ಲ.

ಬಾವಿಕಟ್ಟೆಯಲ್ಲಿ ಹೆಂಗಸರು ತಲೆಗೆ ತಲೆ ಸೇರಿಸಿದರು.

"ಗುರಿಕಾರ್ರೇ ಮಂಜಿ ಹತ್ತಿಸಿದ್ದಂತೆ."

"ಕಣಜ ಖಾಲಿಯಂತೆ. ಕೊಡೂದಕ್ಕೆ ಅಕ್ಕಿ ಎಲ್ಲುಂಟು?"

"ಇನ್ಮೇಲೆ ಯಾರ ಒಲೆ ತಣ್ಣಗಾದ್ರೂ ಅವರನ್ನ ಆಚೆ ದಡಕ್ಕೆ ಸಾಗಿಸ್ತಾರಂತೆ. ಅಲ್ಲಿ ಮಕ್ಕಳನ್ನ ಒಬ್ಬೊಬ್ಬರನ್ನೇ ಬೇರೆ ಮಾಡಿ, ಒಂದೊಂದು ಮನೆ ಚಾಕರಿಗೆ ಬಿಡ್ತಾರಂತೆ."

ಯಾರು ಹೇಳಿದ್ದು? ಗೊತ್ತಿಲ್ಲ. ಎಲ್ಲರೂ ಹೇಳಿದರು. ಅಂತೆಕಂತೆಗೆ ಅಪ್ಪ ಅಮ್ಮ ಇರುವುದಿಲ್ಲ, ಆದರೂ ಅದು ಹುಟ್ಟಿದ ದಿನವೇ ಓಡಾಡುತ್ತದೆ.

ಸಣ್ಣು ಎಂಬ ಹೆಂಗಸು ಕೊಡ ಹಿಡಿದು ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಾದು, ಚಿಕ್ಕವಳು ಗೌರು. ಗಂಡ ಬಚ್ಚ ಬಿರುಗಾಳಿಗೆ ದೋಣಿ ಕಳೆದುಕೊಂಡವನು. ಮನೆಯ ಅಕ್ಕಿ ಗಡಿಗೆಯಲ್ಲಿ ತಳ ಕಾಣುತ್ತಿತ್ತು. ನೀರು ಸೇದಿದ್ದು, ಕೊಡ ಹೊತ್ತದ್ದು, ಮನೆಗೆ ನಡೆದದ್ದು ಯಾವುದರ ಮೇಲೂ ಅವಳಿಗೆ ಗಮನವಿರಲಿಲ್ಲ. ಮಕ್ಕಳನ್ನು ಬೇರೆ ಮಾಡುತ್ತಾರಂತೆ ಎನ್ನುವ ಮಾತೊಂದೇ ಕಿವಿಯಲ್ಲಿ ಕೂತಿತ್ತು.

"ಗುರಿಕಾರ್ರನ್ನೇ ಕೇಳಿ ಬನ್ನಿ. ನಿಜವಾ, ಸುಳ್ಳಾ ಅಂತ," ಎಂದಳು ಗಂಡನಿಗೆ.

ಬಚ್ಚ ಹೌಹಾರಿದ. "ಹುಚ್ಚಾ ನಿಂಗೆ? ಕೇಳಿದ್ರೆ ನಮ್ಮ ಮನೇಲಿ ಅಕ್ಕಿ ಇಲ್ಲ ಅಂತ ನಾವೇ ಹೇಳ್ಕೊಂಡ ಹಾಗೆ. ಮುಂದಿನ ಮಂಜಿಗೆ ನಮ್ಮನ್ನೇ ಹತ್ತಿಸ್ತಾರೆ."

ಇದೇ ಪ್ರಶ್ನೆ, ಇದೇ ಉತ್ತರ ಆ ದಿನ ಊರಿನ ಮನೆಮನೆಯಲ್ಲೂ ನಡೆಯಿತು. ಯಾರೂ ಹೋಗಿ ಕೇಳಲಿಲ್ಲ.

ಅಕ್ಕಿ ಮುಗಿದ ದಿನ ಸಣ್ಣು ಒಲೆಯ ಮೇಲೆ ಬರೀ ನೀರಿಟ್ಟಳು. ಒಣಗಿದ ತೆಂಗಿನ ಗರಿ ಉರಿಸಿದರೆ ಭಗ್ಗನೆ ಹತ್ತಿ ಬೂದಿಯಾಗುತ್ತದೆ, ಹೊಗೆ ಬರುವುದಿಲ್ಲ. ದೂರದ ಬಂಡೆಗೆ ಕಾಣುವಂಥ ಹೊಗೆ ಬೇಕಾದರೆ ಹೊಂಡದಲ್ಲಿ ಕೊಳೆತ ಸಿಪ್ಪೆಯೇ ಆಗಬೇಕು. ಅರೆಬರೆ ಒಣಗಿದ ಆ ಸಿಪ್ಪೆ ಉರಿಯುವುದಿಲ್ಲ. ಒಳಗೊಳಗೇ ಸುಡುತ್ತ, ಯಾರೂ ನೋಡಿಕೊಳ್ಳದಿದ್ದರೂ ಎಷ್ಟೋ ಹೊತ್ತು ಹೊಗೆಯಾಡುತ್ತಿರುತ್ತದೆ. ಬಚ್ಚ ಹೊಂಡದಿಂದ ಒಂದು ಬುಟ್ಟಿ ಸಿಪ್ಪೆ ತಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅದನ್ನು ಒಲೆಗೆ ತುರುಕಿದರು.

ಹಗ್ಗವಾಗಿ ಅಕ್ಕಿ ತರಬೇಕಾದ ಸಿಪ್ಪೆ, ಅಕ್ಕಿಯಿದೆ ಎಂದು ತೋರಿಸಲು ಸುಟ್ಟುಹೋಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾವು ನಗುತ್ತೇವೆ. ಇವರದು ಆ ಜಂಬವಾಗಿದ್ದರೆ ನಾನೂ ನಗುತ್ತಿದ್ದೆ. ಇದು ಭಯ. ಮಕ್ಕಳು ಕೈತಪ್ಪಿ ಹೋಗುತ್ತವೆ ಎಂದು ನಡುಗುವ ತಾಯಿಯನ್ನು ಕಂಡು ನಗುವವನ ಮನೆಗೆ ನಾನು ನೀರು ಕುಡಿಯಲೂ ಹೋಗಲಾರೆ.

"ಯಾರಾದ್ರೂ ಕೇಳಿದ್ರೆ ಗಂಜಿ ಉಂಡೆ ಅನ್ನಬೇಕು, ತಿಳೀತಾ?" ಎಂದು ಸಣ್ಣು ಮಕ್ಕಳಿಗೆ ಹೇಳಿಕೊಟ್ಟಳು.

"ಗಂಜಿಗೆ ನೆಂಚಿಕೊಳ್ಳೂದಕ್ಕೆ ಎಂತ ಇತ್ತು ಅಂತ ಕೇಳಿದ್ರೆ?" ಎಂದಳು ಗೌರು.

"ಒಣಮೀನಿನ ಚಟ್ನಿ ಅನ್ನು."

ಗೌರು ಅದನ್ನು ಮೆಲ್ಲಗೆ ಹೇಳಿ ನೋಡಿದಳು. "ಒಣಮೀನಿನ ಚಟ್ನಿ." ಹೇಳುತ್ತಲೇ ಮಗುವಿನ ಬಾಯಲ್ಲಿ ನೀರೂರಿತು. ನುಂಗಿಕೊಂಡಳು. ಸಣ್ಣು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೆ ಕಣ್ಣುರಿ ಎಂದಳು.

ಹೀಗೆ ದಿನ ಉರುಳಿತು. ಕಡಲ ಬಂಡೆಗಳಿಗೆ ಅಂಟಿದ ಚಿಪ್ಪುಗಳನ್ನು ಕೆರೆದು ತಂದು ಬೇಯಿಸುವುದು. ಕೆಸುವಿನ ಗೆಡ್ಡೆ ಅಗೆಯುವುದು. ಅದೂ ಯಾರಿಗೂ ಕಾಣದ ಹಾಗೆ. ಒಮ್ಮೆ ಸಣ್ಣು ಬಂಡೆಯ ಮರೆಯಲ್ಲಿ ಚಿಪ್ಪು ಕೆರೆಯುತ್ತಿದ್ದಾಗ ಎದುರಿಗೆ ಜಟ್ಟಣ್ಣ ಬಂದ. ಅವನು ಸಣ್ಣುವಿನ ಪಕ್ಕದ ಮನೆಯವನು. ಹೆಂಡತಿ ತೀರಿಕೊಂಡಿದ್ದಳು, ಒಬ್ಬನೇ ಇದ್ದ. ಆ ಊರಲ್ಲಿ ಅವನಷ್ಟು ಗಟ್ಟಿ ಹಗ್ಗ ಹೊಸೆಯುವವರು ಇನ್ನೊಬ್ಬರಿರಲಿಲ್ಲ. ಅವನ ಕೈಯಲ್ಲೂ ಒಂದು ಚೂರಿ, ಒಂದು ಚಿಕ್ಕ ಬುಟ್ಟಿ.

"ಎಂತ ಸಣ್ಣಕ್ಕ?"

"ಗಾಳಕ್ಕೆ ಸಿಕ್ಕಿಸೂದಕ್ಕೆ, ಜಟ್ಟಣ್ಣ. ಇವರು ಹೇಳಿದ್ರು."

"ನಾನೂ ಗಾಳಕ್ಕೇ."

"ಊಟ ಆಯ್ತಾ?"

"ಓ, ಆಯ್ತು ಆಯ್ತು. ನಿಮ್ಮದು?"

"ಆಯ್ತು."

ಇಬ್ಬರೂ ಬೇರೆ ಬೇರೆ ಕಡೆಗೆ ಸರಿದರು. 'ಊಟ ಆಯ್ತಾ' ಎಂದು ನಾವು ದಿನಾ ಕೇಳುತ್ತೇವೆ, ಪ್ರೀತಿಯಿಂದ ಕೇಳುತ್ತೇವೆ. ಆ ವರ್ಷ ಸುರಗಿಯಲ್ಲಿ ಆ ಮಾತು ಕೇಳಿದರೆ ಜನ ಪೊಲೀಸರು ಕೇಳಿದಂತೆ ಬೆವರುತ್ತಿದ್ದರು.

ಸಂಜೆಯಾದರೆ ಮನೆಮನೆಯಿಂದಲೂ ಹೊಗೆ. ದಿನದಿನಕ್ಕೆ ದಪ್ಪವಾಗುತ್ತಿದ್ದ ಹೊಗೆ. ಪಕ್ಕದ ಮನೆಯದಕ್ಕಿಂತ ತಮ್ಮದು ತೆಳ್ಳಗೆ ಕಂಡರೆ ಅನುಮಾನ ಬಂದೀತು ಎಂದು ಎಲ್ಲರೂ ಇನ್ನೊಂದು ಹಿಡಿ ಸಿಪ್ಪೆ ತುರುಕುತ್ತಿದ್ದರು. ಎಲ್ಲರಿಗಿಂತ ದಪ್ಪ ಹೊಗೆ ಜಟ್ಟಣ್ಣನ ಮನೆಯದು. ಸಾಲದ್ದಕ್ಕೆ ಅವನು ಕತ್ತಲಾಗುವ ಹೊತ್ತಿಗೆ ಜಗಲಿಗೆ ಬಂದು, ಹೊಟ್ಟೆ ಸವರಿಕೊಂಡು, ನಾಲ್ಕು ಮನೆಗೆ ಕೇಳುವ ಹಾಗೆ 'ಹೇವ್' ಎಂದು ತೇಗುತ್ತಿದ್ದ.

"ಅವನಿಗೆ ಎಲ್ಲಿಂದ ಬರ್ತದೆ ಅಕ್ಕಿ?" ಎಂದು ಬಚ್ಚ ಹಲ್ಲು ಕಡಿಯುತ್ತಿದ್ದ. "ಎಲ್ಲರ ಮನೇಲೂ ಉಂಟು. ನಮ್ಮ ಮನೇಲಿ ಮಾತ್ರ ಇಲ್ಲ."

ಆ ಮಾತು ಸಣ್ಣುವಿಗೆ ಹಸಿವಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಊರೆಲ್ಲ ಉಣ್ಣುತ್ತಿದೆ. ತಾವು ಮಾತ್ರ ಇಲ್ಲದವರು. ಸಿಕ್ಕಿಬಿದ್ದರೆ ತಾವು ಮಾತ್ರ.

ಇತ್ತ ಶೀನ ಗುರಿಕಾರ ದಿನಾ ಬಂಡೆ ಹತ್ತುತ್ತಿದ್ದ. ಮಾಸ್ತಿಯ ಮುಚ್ಚಿದ ಮನೆ ಬಿಟ್ಟರೆ ಒಂದು ಮಾಡೂ ಬಿಡದೆ ಹೊಗೆ ಏಳುವುದನ್ನು ನೋಡುತ್ತಿದ್ದ. ತಲೆಯಾಡಿಸಿ ಇಳಿದು ಹೋಗುತ್ತಿದ್ದ. ಅವನು ಅಲ್ಲಿ ನಿಂತಷ್ಟು ಹೊತ್ತೂ ಕೆಳಗೆ ಮನೆಗಳಲ್ಲಿ ಜನ ಬಿಡದೆ ಒಲೆ ಊದುತ್ತಿದ್ದರು. ಅವನ ನೆರಳು ಬಂಡೆಯಿಂದ ಇಳಿದ ಮೇಲೆಯೇ ಊರು ಉಸಿರು ಬಿಡುತ್ತಿತ್ತು.

ಮೊದಲು ಬಂಡೆಗಳ ಮೇಲಿನ ಚಿಪ್ಪು ಮುಗಿಯಿತು. ಆಮೇಲೆ ಕೆಸುವಿನ ಗೆಡ್ಡೆ. ಹೊಂಡದ ಸಿಪ್ಪೆಯೂ ಮುಗಿಯುತ್ತ ಬಂತು. ಕೊನೆಯ ಮಂಜಿ ಇನ್ನೇನು ಬರಬೇಕು. ಬಂದರೆ ಕೊಡಲು ಬಚ್ಚನ ಮನೆಯಲ್ಲಿ ಇದ್ದದ್ದು ಒಂದೇ ಒಂದು ಸುರುಳಿ ಹಗ್ಗ. ಬಿರುಗಾಳಿಗೆ ಮೊದಲೇ ಹೊಸೆದು ಅಟ್ಟದ ಮೇಲಿಟ್ಟದ್ದು.

ಆ ಹೊತ್ತಿಗೆ ಗೌರು ಹಾಸಿಗೆ ಹಿಡಿದಳು. ಮೊದಲು ಆಟ ನಿಲ್ಲಿಸಿದಳು. ಆಮೇಲೆ ನಡೆಯುವುದನ್ನು ನಿಲ್ಲಿಸಿದಳು. ಹೊಗೆ ತುಂಬಿದ ಮನೆಯಲ್ಲಿ ಚಾಪೆಯ ಮೇಲೆ ಮಲಗಿ ಕೆಮ್ಮುತ್ತಿದ್ದಳು. ಒಂದು ದಿನ ಮಧ್ಯಾಹ್ನದ ಮೇಲೆ ಕೆಮ್ಮುವುದನ್ನೂ ನಿಲ್ಲಿಸಿದಳು. ಸಣ್ಣು ಹೆದರಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳು. ಉಸಿರಿತ್ತು, ಎಳೆಯಷ್ಟು.

ಬಚ್ಚ ಹೊಂಡದಿಂದ ಬರಿಗೈಯಲ್ಲಿ ಬಂದ. "ಮುಗೀತು. ಒಂದು ಸಿಪ್ಪೆಯೂ ಇಲ್ಲ." ಅಟ್ಟದ ಕಡೆ ನೋಡಿದ. "ಇವತ್ತಿಗೆ ಆ ಹಗ್ಗ ಹಾಕುವ."

"ಹಗ್ಗ ಸುಟ್ರೆ ಮಂಜಿಗೆ ಎಂತ ಕೊಡೂದು?"

"ಹೊಗೆ ಇಲ್ದಿದ್ರೆ ಅದೇ ಮಂಜಿಗೆ ನಮ್ಮನ್ನೇ ಕೊಡ್ತಾರೆ ಮಾರಾಯ್ತಿ! ಹೊತ್ತು ಮುಳುಗ್ತಾ ಬಂತು. ತೆಗಿ ಬೇಗ."

ಅವನು ಅಟ್ಟಕ್ಕೆ ಕೈಹಾಕಿ ಹಗ್ಗ ಎಳೆದ. ಚೂರಿಯಿಂದ ಒಂದು ತುಂಡು ಕೊಯ್ದು ಒಲೆಗಿಟ್ಟ. ಊದಿದ. ಹೊಗೆ ಸುತ್ತಿಕೊಂಡು ಎದ್ದಿತು. ಚಾಪೆಯ ಮೇಲಿಂದ ಗೌರುವಿನ ದನಿ ಕೇಳಿತು.

"ಅಬ್ಬೆ, ಇವತ್ತು ಹೊಗೆ ಬೇಡ. ಹಸಿವಾದ್ರೆ ಆಗ್ಲಿ. ಹೊಗೆ ಬೇಡ."

ಸಣ್ಣು ಮಗಳನ್ನು ನೋಡಿದಳು. ಒಲೆಯನ್ನು ನೋಡಿದಳು. ಗಂಡನ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. ಮಕ್ಕಳು ಕೈತಪ್ಪಿ ಹೋಗಬಾರದು ಎಂದು ಇಷ್ಟು ದಿನ ಹೊಗೆ ಹಾಕಿದ್ದು. ಈಗ ಆ ಹೊಗೆಯಲ್ಲೇ ಮಗು ಕೈತಪ್ಪುತ್ತಿದೆ. ಅವಳಿಗೆ ಎದೆ ಒಡೆಯುವಷ್ಟು ಭಯವಾಯಿತು. ಆದರೆ ಈ ಸಲ ಹೆದರಿದ್ದು ಗುರಿಕಾರನಿಗಲ್ಲ. ಕೊಡ ಎತ್ತಿದಳು. ಒಲೆಗೆ ಸುರಿದಳು. ಚೊಂಯ್ ಎಂದು ಬೆಂಕಿ ಸತ್ತಿತು.

"ಎಂತ ಮಾಡಿದೆ ನೀನು? ಎಂತ ಮಾಡಿದೆ?" ಬಚ್ಚ ತಲೆಯ ಮೇಲೆ ಕೈಹೊತ್ತು ಕೂತ.

ಬಂಡೆಯ ಮೇಲೆ ಗುರಿಕಾರ ಬಂದು ನಿಂತದ್ದು ಬಾಗಿಲಿನಿಂದ ಕಾಣುತ್ತಿತ್ತು. ಊರಿನ ಎಲ್ಲ ಮಾಡುಗಳಿಂದಲೂ ಹೊಗೆ ಏಳುತ್ತಿತ್ತು. ಸಣ್ಣುವಿನ ಮನೆಯ ಮಾಡು ಮಾತ್ರ ಬೋಳು. ಅಕ್ಕಪಕ್ಕದವರು ಅಂಗಳಕ್ಕೆ ಬಂದು ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಣ ಹೊತ್ತು ಹೋಗುವಾಗ ದಾರಿಬದಿಯ ಮನೆಯವರು ಹಾಗೆ ಬಾಗಿಲು ಹಾಕಿಕೊಳ್ಳುತ್ತಾರೆ.

ಗುರಿಕಾರ ಕೈ ಎತ್ತಿ ಯಾರಿಗೋ ಸನ್ನೆ ಮಾಡಿದ. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಅವನ ಹಿಂದೆ ಬಂದರು. ಮೂವರೂ ಬಂಡೆ ಇಳಿದು ನೇರ ಈ ಮನೆಯ ದಾರಿ ಹಿಡಿದರು. ಒಬ್ಬನ ಹೆಗಲ ಮೇಲೆ ದಪ್ಪ ಗೋಣಿಯಿತ್ತು.

"ಗೋಣಿ ಎಂತಕ್ಕೆ ಅಬ್ಬೆ?" ಎಂದು ಮಾದು ಕೇಳಿದಳು. ತಾಯಿಯ ಸೀರೆ ಗಟ್ಟಿಯಾಗಿ ಹಿಡಿದುಕೊಂಡಳು. ಸಣ್ಣು ಗೌರುವನ್ನು ಎತ್ತಿ ಎದೆಗೊತ್ತಿಕೊಂಡು ಮೂಲೆಗೆ ಸರಿದಳು. ಬಚ್ಚ ಒಡೆದ ದೋಣಿಯ ಹುಟ್ಟು ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತ. ಹೆಜ್ಜೆಯ ಸದ್ದು ಅಂಗಳಕ್ಕೆ ಬಂತು. ಜಗಲಿಗೆ ಬಂತು.

"ಏನಪ್ಪ ಬಚ್ಚ, ಹುಟ್ಟು ಹಿಡಿದು ನಿಂತಿದ್ದಿ? ಮನೆಯೊಳಗೆ ದೋಣಿ ಬಿಡ್ತಿಯಾ?" ಎಂದ ಗುರಿಕಾರ.

ಸಣ್ಣು ಮಗುವನ್ನು ಹೊತ್ತು ಮುಂದೆ ಬಂದು ಅವನ ಕಾಲ ಹತ್ತಿರ ಕುಸಿದಳು. "ಗುರಿಕಾರ್ರೇ, ನಿಮ್ಮ ದಮ್ಮಯ್ಯ. ಮಂಜಿ ಹತ್ತಿಸೂದಾದ್ರೆ ನಾಲ್ಕೂ ಜನರನ್ನ ಒಟ್ಟಿಗೇ ಹತ್ತಿಸಿ. ಮಕ್ಕಳನ್ನ ಮಾತ್ರ ಬೇರೆ ಮಾಡ್ಬೇಡಿ."

"ಯಾವ ಮಂಜಿ?"

"ಒಲೆ ತಣ್ಣಗಾದವರನ್ನ ಸಾಗಿಸೂದಲ್ವಾ? ಮಾಸ್ತಿಯವರನ್ನ ಹತ್ತಿಸಿದ ಹಾಗೆ."

ಗುರಿಕಾರನಿಗೆ ತಲೆಬುಡ ತಿಳಿಯಲಿಲ್ಲ. "ಮಾಸ್ತಿಯ ಹೆಂಡತಿಯ ತಾಯಿಗೆ ಹುಷಾರಿಲ್ಲ ಅಂತ ಹೇಳಿಕೆ ಬಂತು. ಸಂಜೆಯೇ ನನ್ನತ್ರ ಹೇಳಿ ಮಂಜಿ ಹತ್ತಿದ್ರು. ನಾನ್ಯಾಕೆ ಅವರನ್ನ ಸಾಗಿಸ್ಲಿ?"

"ಮತ್ತೆ ಕಣಜ ಖಾಲಿ ಅಂತ..."

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಅಂದ್ರೆ ಯಾರು?"

ಸಣ್ಣುವಿಗೆ ಒಂದು ಹೆಸರೂ ನೆನಪಾಗಲಿಲ್ಲ. ಆಳು ಗೋಣಿ ಕೆಳಗಿಳಿಸಿದ. ಅದರ ಬಾಯಿ ಬಿಚ್ಚಿದ. ಅಕ್ಕಿ. ಮಾದು ಮೊದಲು ನೋಡಿದ್ದು. ಅವಳು ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು.

ಗುರಿಕಾರ ಬಗ್ಗಿ ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆದ. ಬರೀ ನೀರು. ಒಲೆಯೊಳಗೆ ಕೈಹಾಕಿ ಅರ್ಧ ಸುಟ್ಟ ಹಗ್ಗದ ತುಂಡು ಹೊರಗೆ ತೆಗೆದ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಬಿರುಗಾಳಿ ಆದ ಮೇಲಿಂದ."

"ಕಣಜದ ಬೀಗದಕೈ ಸೊಂಟಕ್ಕೆ ಕಟ್ಕೊಂಡೇ ದಿನಾ ಬಂಡೆ ಹತ್ತಿದೆ ಮಗಾ. ಒಂದು ಮಾಡಾದ್ರೂ ಬೋಳು ಕಾಣ್ಲಿಲ್ಲ. ಹೊಗೆ ನೋಡಿ ನೋಡಿ, ಪರವಾಗಿಲ್ಲ, ಈ ಕೆಟ್ಟ ವರ್ಷದಲ್ಲೂ ನನ್ನ ಜನ ಉಣ್ತಾ ಇದ್ದಾರೆ ಅಂತ ದೇವರಿಗೆ ಕೈ ಮುಗಿದೆ. ಅಕ್ಕಿ ಕಣಜದಲ್ಲೇ ಕೂತಿದೆ." ಅವನು ಹಗ್ಗದ ತುಂಡನ್ನು ಕೆಳಗಿಟ್ಟ. "ಎಲ್ಲರ ಮನೇಲೂ ಹೀಗೇನಾ?"

ಎಲ್ಲರ ಮನೆಯಲ್ಲೂ? ಸಣ್ಣುವಿಗೆ ಆ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು ಅಂಗಳಕ್ಕೆ ಓಡಿದಳು. ಜೀವಮಾನದಲ್ಲಿ ಗಟ್ಟಿ ಮಾತಾಡದ ಹೆಂಗಸು ಊರು ಕೇಳುವ ಹಾಗೆ ಕೂಗಿದಳು.

"ನಮ್ಮ ಮನೇಲಿ ಅನ್ನ ಇಲ್ಲ! ನಮ್ಮ ಮಡಕೇಲಿ ಬರೀ ನೀರು! ಗುರಿಕಾರ್ರು ಅಕ್ಕಿ ತಂದಿದ್ದಾರೆ! ಯಾರನ್ನೂ ಮಂಜಿ ಹತ್ತಿಸೂದಿಲ್ಲ! ಒಲೆ ಆರಿಸಿ! ಒಲೆ ಆರಿಸಿ!"

ಇದೂ ಏನೋ ಮೋಸವಿರಬೇಕು ಎಂದು ಜನ ಬಾಗಿಲ ಸಂದಿಯಿಂದ ನೋಡಿದರು. ಆಮೇಲೆ ಎದುರು ಮನೆಯ ಮುದುಕಿ ಬಾಗಿಲು ತೆಗೆದಳು. "ನಮ್ಮಲ್ಲೂ ಇಲ್ಲ ಮಗಾ," ಎಂದಳು, ಜೋರಾಗಿ ಅತ್ತಳು. ಅವಳ ಮನೆಯ ಹೊಗೆ ನಿಂತಿತು. ಅದರ ಪಕ್ಕದ ಮನೆಯ ಹೊಗೆ ನಿಂತಿತು. "ನಮ್ಮಲ್ಲೂ ಇಲ್ಲ," "ನಮ್ಮಲ್ಲೂ ಇಲ್ಲ" ಎಂದು ಮನೆಮನೆಯಿಂದ ಜನ ಹೊರಗೆ ಬಂದರು. ಒಬ್ಬರನ್ನೊಬ್ಬರು ನೋಡಿದರು. ಎಲ್ಲರ ಕೆನ್ನೆಯೂ ಒಳಗೆ ಹೋಗಿತ್ತು. ಇಷ್ಟು ದಿನ ಅದೇ ಮುಖಗಳನ್ನು ನೋಡುತ್ತಿದ್ದರು, ಕಂಡಿರಲಿಲ್ಲ. ಒಂದೊಂದೇ ಮಾಡು ಬೋಳಾಗುತ್ತ ಹೋಯಿತು. ಊರಿನ ಮೇಲಿನ ಆಕಾಶ ತಿಳಿಯಾಯಿತು.

ಒಂದು ಮನೆಯ ಹೊಗೆ ಮಾತ್ರ ನಿಲ್ಲಲಿಲ್ಲ. ಅದು ಜಟ್ಟಣ್ಣನ ಮನೆ.

"ಜಟ್ಟಣ್ಣ! ಒಲೆ ಆರಿಸೋ! ಅಕ್ಕಿ ಬಂದಿದೆ!" ಬಚ್ಚ ಬೇಲಿಯಾಚೆಯಿಂದ ಕೂಗಿದ. ಉತ್ತರವಿಲ್ಲ. "ಅವನಿಗೆ ಬೇಡವೇನೋ, ಅವನ ಮನೇಲಿ ತುಂಬಾ ಉಂಟು," ಎಂದು ಯಾರೋ ಹೇಳಿದರು. ಹೊಗೆ ಎಂದಿನಂತೆ ದಪ್ಪಗೆ, ನೆಟ್ಟಗೆ ಏಳುತ್ತಿತ್ತು. ಸಣ್ಣು ಹೋಗಿ ಬಾಗಿಲು ತಳ್ಳಿದಳು.

ಜಟ್ಟಣ್ಣ ಒಲೆಯ ಮುಂದೆ ಗೋಡೆಗೊರಗಿ ಕೂತಿದ್ದ. ಮಡಿಲಲ್ಲಿ ಊದುಗೊಳವೆಯಿತ್ತು. ತಲೆ ಒಂದು ಕಡೆ ವಾಲಿತ್ತು. ಮಡಕೆಯ ನೀರು ಕುದಿದು ಕುದಿದು ಆವಿಯಾಗಿ ಹೋಗಿತ್ತು. ಒಲೆಯೊಳಗೆ ಅವನೇ ಹೊಸೆದ ಹಗ್ಗ, ಇಡೀ ದ್ವೀಪದಲ್ಲಿ ಹೆಸರಾದ ಹಗ್ಗ, ಒಳಗೊಳಗೇ ಸುಡುತ್ತಿತ್ತು. ಸಣ್ಣು 'ಜಟ್ಟಣ್ಣ' ಎಂದು ಭುಜ ಮುಟ್ಟಿದಳು. ಮೈ ತಣ್ಣಗಿತ್ತು. ಊದುವವನು ಹೋಗಿ ಎಷ್ಟು ಹೊತ್ತಾಗಿತ್ತೋ, ಹೊಗೆ ಮಾತ್ರ ಅವನು ಚೆನ್ನಾಗಿ ಉಣ್ಣುತ್ತಿದ್ದಾನೆ ಎಂದು ಊರಿಗೆ ಹೇಳುತ್ತಲೇ ಇತ್ತು.

"ನಿನ್ನೆ ಸಂಜೆಯೂ ತೇಗಿದ್ದ," ಎಂದ ಬಚ್ಚ.

ಸಣ್ಣು ಅಲ್ಲೇ ನೆಲಕ್ಕೆ ಕೂತಳು. "ನಾನು ನಿನ್ನೆಯೇ ಒಲೆ ಆರಿಸಿದ್ರೆ?" ಎಂದಳು. ಬಾಗಿಲಲ್ಲಿ ನಿಂತಿದ್ದ ಗುರಿಕಾರ ತಲೆಯ ಮುಂಡಾಸು ತೆಗೆದ. "ನಾನು ಒಂದು ದಿನ ಬಂಡೆಯಿಂದ ಇಳಿದು ಬಂದು ಮುಚ್ಚಳ ತೆಗೆದು ನೋಡಿದ್ರೆ?" ಎಂದ.

ಆ ಸಂಜೆಯೇ ಕಣಜ ತೆರೆಯಿತು. ಊರಿಗೆಲ್ಲ ಒಂದೇ ಹಂಡೆಯಲ್ಲಿ ಗಂಜಿ ಬೆಂದಿತು. ಗೌರುವಿಗೆ ತಿಳಿಗಂಜಿಯನ್ನು ಚಿಪ್ಪಿನಲ್ಲಿ ಒಂದೊಂದೇ ಹನಿ ಕುಡಿಸಿದರು. ಮಗು ಬದುಕಿತು. ಯಾರ ಹೊಂಡದಲ್ಲಿ ಎಷ್ಟು ಸಿಪ್ಪೆ ಉಳಿದಿತ್ತೋ ಅದನ್ನೆಲ್ಲ ಒಟ್ಟು ಹಾಕಿ ಊರವರೆಲ್ಲ ಕೂತು ಹೊಸೆದರು.

ಕೊನೆಯ ಮಂಜಿ ಬಂತು. ಅದರಿಂದ ಮೊದಲು ಇಳಿದವರು ಯಾರು ಗೊತ್ತೆ? ಮಾಸ್ತಿ, ಅವನ ಹೆಂಡತಿ, ಕಂಕುಳಲ್ಲಿ ಮಗು. ಮಾಸ್ತಿಯ ಹೆಗಲ ಮೇಲೆ ಊರವರಿಗೆ ಹಂಚಲು ತಂದ ದೊಡ್ಡ ಹಲಸಿನ ಹಣ್ಣು. "ಅತ್ತೆ ಗುಣ ಆದ್ರು," ಎಂದು ನಗುತ್ತ ಹೇಳಿದ. ದಡದಲ್ಲಿ ನಿಂತವರು ಯಾಕೆ ತಲೆ ತಗ್ಗಿಸಿದರು ಎಂದು ಅವನಿಗೆ ತಿಳಿಯಲಿಲ್ಲ. "ಜಟ್ಟಣ್ಣ ಎಲ್ಲಿ? ಅವನಿಗೆ ಹಲಸು ಅಂದ್ರೆ ಪ್ರಾಣ," ಎಂದು ಸುತ್ತ ನೋಡಿದ.

ಎಲ್ಲರೂ ಹೊಸೆದ ಹಗ್ಗಕ್ಕೆ ಸಿಕ್ಕ ಅಕ್ಕಿ, ಕಣಜದ ಅಕ್ಕಿ ಸೇರಿ ಊರು ಹೇಗೋ ಮಳೆಗಾಲ ದಾಟಿತು. ಅಂದಿನಿಂದ ಸುರಗಿಯಲ್ಲಿ ಗುರಿಕಾರ ಬಂಡೆ ಹತ್ತುವುದಿಲ್ಲ. ಸಂಜೆಯಾದರೆ ಮನೆಮನೆಗೆ ನಡೆದು ಹೋಗುತ್ತಾನೆ. ಬಾಗಿಲಲ್ಲಿ ನಿಂತು, "ಮುಚ್ಚಳ ತೆಗೀಲಾ ಮಗಾ?" ಎಂದು ಕೇಳುತ್ತಾನೆ. ತೆಗೆದು ನೋಡುತ್ತಾನೆ. ಅವನ ಮನೆಯ ಮಡಕೆಯನ್ನೂ ಯಾರು ಬೇಕಾದರೂ ತೆಗೆದು ನೋಡಬಹುದು. ಅಲ್ಲಿ ಈಗ ಇಲ್ಲ ಎಂದು ಹೇಳಲು ಯಾರೂ ನಾಚುವುದಿಲ್ಲ. ಯಾವ ಮನೆಯಿಂದ ಶುರು ಮಾಡಬೇಕು ಎಂದು ಮಾತ್ರ ಗುರಿಕಾರ ಮೊದಲು ಆಕಾಶ ನೋಡುತ್ತಾನೆ. ಎಲ್ಲಿ ಹೊಗೆ ಎಲ್ಲಕ್ಕಿಂತ ದಪ್ಪವಾಗಿದೆಯೋ ಆ ಬಾಗಿಲನ್ನೇ ಮೊದಲು ತಟ್ಟುತ್ತಾನೆ.

ನೀತಿ: ಕಷ್ಟವನ್ನು ಹೆದರಿ ಮುಚ್ಚಿಟ್ಟರೆ ಅದು ನಮ್ಮನ್ನೂ ಸುಡುತ್ತದೆ, ನಮ್ಮ ಹಾಗೆಯೇ ಮುಚ್ಚಿಟ್ಟುಕೊಂಡ ಪಕ್ಕದ ಮನೆಯವರನ್ನೂ ಸುಡುತ್ತದೆ. ಒಬ್ಬರು ಧೈರ್ಯ ಮಾಡಿ 'ನಮ್ಮಲ್ಲಿ ಇಲ್ಲ' ಎಂದರೆ ಹತ್ತು ಮನೆ ಉಳಿಯುತ್ತದೆ. ಕಣಜದ ಬೀಗದಕೈ ಇರುವವರು ದೂರ ನಿಂತು ಹೊಗೆ ನೋಡಿ ಸಮಾಧಾನಪಡಬಾರದು. ಇಳಿದು ಬಂದು ಮಡಕೆಯ ಮುಚ್ಚಳ ತೆಗೆದು ನೋಡಬೇಕು.